ಆರು ತುಂಡು, ಹನ್ನೆರಡು ಏಪ್ರಿಲ್

"ನಕ್ಷೆಯಲ್ಲಿ ಕಾಡು ಅಂತಿದೆ. ಅನುಮಾನ ಇದ್ದರೆ ನಕ್ಷೆ ಮಾಡಿದವರನ್ನೇ ಹೋಗಿ ಕೇಳಮ್ಮ" ಎಂದು ಗುಮಾಸ್ತನೊಬ್ಬ ಬೇಸರದಲ್ಲಿ ಅಂದ ಮಾತನ್ನು ಮುರ್ಲ ಬುಚ್ಚಮ್ಮ ಇದ್ದದ್ದು ಇದ್ದ ಹಾಗೇ ತೆಗೆದುಕೊಂಡರು. ನಕ್ಷೆಯ ಕೆಳಮೂಲೆಯಲ್ಲಿ ವಿಳಾಸ ಅಚ್ಚಾಗಿತ್ತು. 2024ರ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅವರು ಹೈದರಾಬಾದಿನ ಕೊಂಡಾಪುರದಲ್ಲಿ, ಗಾಜಿನ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ, ಆ ನಕ್ಷೆ ಕಂಪನಿಯ ಬಾಗಿಲ ಮುಂದೆ ನಿಂತಿದ್ದರು. ಜೊತೆಗಿದ್ದವನು ಮೈದುನನ ಮಗ ರಾಮಕೃಷ್ಣಾರೆಡ್ಡಿ. ಅಶ್ವಾರಾವುಪೇಟೆಯ ಆಚೆ ಗುಡ್ಡದ ಮೇಲಿರುವ ಅವರ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ವಯಸ್ಸು ಮೂವತ್ತೈದು.

ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ಪುಸ್ತಕದಲ್ಲಿ ಹೆಸರು ಓದಿ ನಕ್ಕ. "ರೆಡ್ಡಿಗಾರಾ? ಎಷ್ಟು ಎಕರೆ ಇದೆ ತಮಗೆ?"

"ಅದನ್ನೇ ಕೇಳೋಕೆ ಬಂದಿದ್ದೀವಿ" ಅಂದ ರಾಮಕೃಷ್ಣಾರೆಡ್ಡಿ.

ಅವರು ಕೊಂಡರೆಡ್ಡಿಗಳು. ಹೆಸರಿನಲ್ಲಿ ರೆಡ್ಡಿ ಇದ್ದರೂ ಬಯಲಿನ ಜಮೀನುದಾರರಿಗೂ ಅವರಿಗೂ ಸಂಬಂಧವಿಲ್ಲ. ಗುಡ್ಡದ ಇಳಿಜಾರಿನಲ್ಲಿ ಪೋಡು ಬೇಸಾಯ ಮಾಡುವ ಬುಡಕಟ್ಟು. ಒಂದು ತುಂಡು ನೆಲದ ಗಿಡಮರ ಕಡಿದು, ಒಣಗಿಸಿ, ಏಪ್ರಿಲ್‌ನಲ್ಲಿ ಸುಟ್ಟು, ಮೊದಲ ಮಳೆಗೆ ಸಾಮೆ, ಜೋಳ ಬಿತ್ತುತ್ತಾರೆ. ಎರಡು ವರ್ಷ ಬೆಳೆ ತೆಗೆದು ಅದನ್ನು ಬೀಡು ಬಿಟ್ಟು ಮುಂದಿನ ತುಂಡಿಗೆ ಹೋಗುತ್ತಾರೆ. ಬುಚ್ಚಮ್ಮನ ಮನೆಗೆ ಇಂಥ ಆರು ತುಂಡುಗಳು, ಒಂದೊಂದೂ ಒಂದೂವರೆ ಎಕರೆ. ಅರಣ್ಯ ಹಕ್ಕಿನ ಕಾನೂನಿನಡಿ ಅವಕ್ಕೆ ಪಟ್ಟಾ ಕೇಳಿದ್ದರು. ಆರೂ ತಿರಸ್ಕೃತವಾಗಿದ್ದವು.

ಒಳಗಿನಿಂದ ಬಂದವನು ಭೀಮಾಶಂಕರ. ನಕ್ಷೆಯ ಮೂಲೆಯಲ್ಲಿ "ಪರಿಶೀಲಿಸಿದವರು" ಎಂಬಲ್ಲಿ ಇದ್ದದ್ದು ಅವನ ಸಹಿ. ವಯಸ್ಸು ನಲವತ್ತೆಂಟು, ಊರು ಕಲಬುರಗಿ ಜಿಲ್ಲೆಯ ಸೇಡಂ ಹತ್ತಿರದ ಹಳ್ಳಿ, ಇಪ್ಪತ್ತು ವರ್ಷದಿಂದ ಉಪಗ್ರಹ ಚಿತ್ರಗಳನ್ನು ಓದುವ ಕೆಲಸ. ಎರಡು ವರ್ಷದ ಹಿಂದೆ ಮೂರು ಮಂಡಲಗಳ 1,140 ಪೋಡು ಅರ್ಜಿಗಳ ನಕ್ಷೆ ಮಾಡುವ ಗುತ್ತಿಗೆ ಕಂಪನಿಗೆ ಸಿಕ್ಕಾಗ, ಕೆಲಸದ ಕೈಪಿಡಿ ಬರೆದವನೂ ಅವನೇ. 2005ರ ಡಿಸೆಂಬರ್ 13ಕ್ಕೆ ಮೊದಲೇ ನೆಲ ಅರ್ಜಿದಾರರ ಕೈಯಲ್ಲಿರಬೇಕು ಎನ್ನುತ್ತದೆ ಕಾನೂನು. ಆದ್ದರಿಂದ ಕೈಪಿಡಿಯ ಏಳನೇ ಕಲಮು ಹೀಗಿತ್ತು: ಡಿಸೆಂಬರ್ 2005ರ ಚಿತ್ರದಲ್ಲಿ ದಟ್ಟ ಹಸಿರು ಹೊದಿಕೆ ಕಂಡರೆ ಕಾಡು ಎಂದು ಬರೆಯತಕ್ಕದ್ದು.

ಐದು ನಿಮಿಷದಲ್ಲಿ ಮಾತು ಮುಗಿಸಿ ಕಳಿಸುವುದೆಂದುಕೊಂಡೇ ಅವನು ಅವರನ್ನು ಮೀಟಿಂಗ್ ರೂಮಿಗೆ ಕರೆದ. ಸೇಡಂ ಕಡೆಯವನಾದ್ದರಿಂದ ತೆಲುಗು ಅವನಿಗೆ ಮನೆಮಾತಿನಷ್ಟೇ ಸಲೀಸು.

"ಶುಕ್ರವಾರ ವಿಚಾರಣೆ ಸಾರ್" ಅಂದ ರಾಮಕೃಷ್ಣಾರೆಡ್ಡಿ. "ಉಪವಿಭಾಗದ ಸಮಿತಿ ಮುಂದೆ ಕೊನೇ ಸಲ. ನಕ್ಷೆ ಹೀಗೇ ಇದ್ದರೆ ಅಲ್ಲಿ ನಮಗೆ ಮಾತಾಡೋಕೆ ಏನೂ ಉಳಿದಿಲ್ಲ."

ಬುಚ್ಚಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರವಿ, ತಲೆಕೆಳಗು ಮಾಡಿದರು. ಹಳ್ಳ ತಮ್ಮ ಕಡೆಗೆ ಹರಿದು ಬರುವಂತೆ ಇಟ್ಟುಕೊಂಡ ಮೇಲೆ ಅವರಿಗೆ ಎಲ್ಲವೂ ಗೊತ್ತಾಯಿತು. ಉಪಗ್ರಹದ ಆ ಬಗೆಯ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ.

"ಗುಡ್ಡಕ್ಕೆಲ್ಲ ಕುಂಕುಮ ಎರಚಿದ್ದೀರಲ್ಲ ಬಾಬು" ಅಂದರು. ಆಮೇಲೆ ಬೆರಳಿಟ್ಟು ಕೇಳಿದರು. "ಇದು ಹಿಪ್ಪೆ ತುಂಡು. ಇದೂ ಕಾಡಾ?"

"ಆ ಡಿಸೆಂಬರ್‌ನಲ್ಲಿ ಅಲ್ಲಿ ಹಸಿರು ಹೊದಿಕೆ ಇತ್ತಮ್ಮ. ಚಿತ್ರದಲ್ಲಿ ಕಾಣ್ತಿದೆ."

"ಇತ್ತು. ಯಾರು ಇಲ್ಲ ಅಂದರು? ತೊಗರಿ ಇತ್ತು. ನನ್ನ ತಲೆಗಿಂತ ಎತ್ತರ. ಸಂಕ್ರಾಂತಿ ಕಳೆದ ಮೇಲೆ ಕೊಯ್ದೆವು."

ಭೀಮಾಶಂಕರ ಚಿತ್ರವನ್ನು ನೋಡಿದ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ರೇಣುಕಾ ಕೆಮ್ಮಿದಳು. ಅವಳು ರಾಯಚೂರಿನವಳು, ಆರು ವರ್ಷದಿಂದ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದಳು.

"ಸರ್, ನಿಮ್ಮೂರು ಯಾವುದ್ರಿ?" ಎಂದು ಕನ್ನಡದಲ್ಲಿ ಕೇಳಿದಳು.

"ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ತೊಗರಿ ಕಣಜ. ಅದಕ್ಕ ಕೇಳಾಕತ್ತೀನಿ."

"ಚಿತ್ರದಾಗ ಒಂದೊಂದು ಚೌಕ ಮೂವತ್ತು ಮೀಟರ್, ಅದರಾಗ ಕಾಯಿ ಕಾಣಸೂದಿಲ್ಲ ರೇಣುಕಾ. ತೊಗರಿನೂ ಕೆಂಪು, ತೇಗನೂ ಕೆಂಪು."

"ಹೌದ್ರಿ. ಆದ್ರ ಡಿಸೆಂಬರ್‌ದಾಗ ತೊಗರಿ ನಿಂತಿರ್ತೈತಿ ಅನ್ನೂದು ಉಪಗ್ರಹಕ್ಕ ಗೊತ್ತಿರಲಿಕ್ಕಿಲ್ಲ. ನಿಮಗ ಗೊತ್ತಿತ್ತಲ್ರಿ."

ಡಿಸೆಂಬರ್‌ನಲ್ಲಿ ಅವನ ಊರಿನ ಸುತ್ತ ಹತ್ತು ಹರದಾರಿ ನಿಂತಿರುವುದು ಬರೀ ತೊಗರಿಯೇ. ಚಿಕ್ಕವನಿದ್ದಾಗ ಅದರೊಳಗೆ ಅಡಗಿ ಕೂತರೆ ಅಕ್ಕನಿಗೆ ಸಿಗುತ್ತಿರಲಿಲ್ಲ.

"ಹಿಪ್ಪೆ ತುಂಡಿನದು ನನ್ನ ತಪ್ಪು" ಎಂದು ಅವನು ತೆಲುಗಿಗೆ ಹೊರಳಿ ಹೇಳಿದ. "ಅದೊಂದನ್ನ ತಿದ್ದಿ ಬರೆದುಕೊಡ್ತೀನಿ. ಒಂದೂವರೆ ಎಕರೆ ನಿಮಗೆ ಸಿಗಬಹುದು."

ರಾಮಕೃಷ್ಣಾರೆಡ್ಡಿಯ ಮುಖ ಅರಳಿತು. ಬುಚ್ಚಮ್ಮನ ಮುಖ ಅರಳಲಿಲ್ಲ.

"ಒಂದು ಕೊಟ್ಟರೆ ಏನೂ ಕೊಡದ ಹಾಗೆ ಬಾಬು" ಅಂದರು. "ಈಗ ಬೈನೆ ತುಂಡಲ್ಲಿದ್ದೀನಿ. ಮೊದಲನೇ ವರ್ಷ ಹನ್ನೆರಡು ಬುಟ್ಟಿ ಸಾಮೆ. ಎರಡನೇ ವರ್ಷ ಒಂಬತ್ತು. ಇಷ್ಟೊತ್ತಿಗೆ ಅದನ್ನ ಬಿಟ್ಟು ಕರಡಿಬಂಡೆಗೆ ಹೋಗಬೇಕಿತ್ತು. ಅರ್ಜಿ ಬಿದ್ದುಹೋದ ಮೇಲೆ ಬೇರೆ ತುಂಡಿಗೆ ಕೊಡಲಿ ಹಾಕೋ ಹಾಗಿಲ್ಲ. ಹಾಗಾಗಿ ಅಲ್ಲೇ ಮೂರನೇ ಬೆಳೆ ಹಾಕಿದ್ದೀನಿ. ಹುಲ್ಲು ಮೊಣಕಾಲಿಗೆ ಬಂದಿದೆ, ಸಾಮೆ ಅದಕ್ಕಿಂತ ಕೆಳಗಿದೆ. ನಾಲ್ಕು ಬುಟ್ಟಿ ಆದರೆ ಹೆಚ್ಚು."

ರಾಮಕೃಷ್ಣಾರೆಡ್ಡಿ ಫೈಲಿನಿಂದ ಎರಡು ಮಣ್ಣು ಪರೀಕ್ಷೆಯ ಚೀಟಿ ತೆಗೆದ. ಮೂರನೇ ಬೆಳೆಯಲ್ಲಿರುವ ಬೈನೆ ತುಂಡಿನಲ್ಲಿ ಸಾವಯವ ಇಂಗಾಲ ಶೇಕಡಾ 0.38. ಹನ್ನೊಂದು ವರ್ಷದಿಂದ ಬೀಡು ಬಿದ್ದಿರುವ ಕರಡಿಬಂಡೆಯಲ್ಲಿ 1.2.

"ಚೀಟಿ ಅವನಿಗೆ. ನನಗೆ ಕೋಲು ಸಾಕು" ಅಂದರು ಬುಚ್ಚಮ್ಮ. ಬಿತ್ತನೆಗೆ ಗುಳಿ ತೋಡುವ ಕೋಲು. "ಬೈನೆಯಲ್ಲಿ ಒತ್ತಿದರೆ ಬೆರಳುದ್ದ ಇಳಿಯುತ್ತೆ. ಕರಡಿಬಂಡೆಯಲ್ಲಿ ಒಂದು ಗೇಣು. ಮೊದಲು ಹುಲ್ಲು ಸಾಯಬೇಕು. ಮೇಲೆ ನೆರಳು ಕಟ್ಟಿದರೆ ಹುಲ್ಲು ಸಾಯುತ್ತೆ, ಅದಕ್ಕೇ ಐದಾರು ವರ್ಷ ಬೇಕು. ಆಮೇಲೆ ಎಲೆ ಬಿದ್ದು ಕೊಳೀಬೇಕು. ಹತ್ತು ವರ್ಷಕ್ಕೆ ಕಮ್ಮಿ ಮಲಗಿಸಿದರೆ ನೆಲ ಏಳೋದಿಲ್ಲ."

"ಸರಿಯಮ್ಮ. ಆದರೆ 2005ರಲ್ಲಿ ಹಿಪ್ಪೆ ಬಿಟ್ಟು ಉಳಿದ ಐದರಲ್ಲಿ ತೊಗರಿ ಇರಲಿಲ್ಲ. ನಿಜವಾಗಿ ಮರಗಳೇ ಇದ್ದವು. ತಾನಾಗಿ ಬೆಳೆದ ಕಾಡಿಗೂ ನಿಮ್ಮ ಬೀಡಿಗೂ ನಾನು ವ್ಯತ್ಯಾಸ ಹೇಗೆ ತೋರಿಸ್ಲಿ?"

"ತಾನಾಗಿ ಎಲ್ಲಿ ಬೆಳೀತು? ಬುಡಕ್ಕೆ ಕಡೀದೆ ಮೊಣಕಾಲೆತ್ತರ ಮೋಟು ಬಿಟ್ಟು ಯಾಕೆ ಕಡಿಯೋದು ಅಂದ್ಕೊಂಡೆ? ನಾಳೆ ಚಿಗುರಲಿ ಅಂತ. ಮೋಟು ನೋಡಿದರೆ ಎಷ್ಟು ಸಲ ಕಡಿದಿದೆ ಅಂತ ಲೆಕ್ಕ ಸಿಗುತ್ತೆ. ಬಾ, ತೋರಿಸ್ತೀನಿ."

ರಾಮಕೃಷ್ಣಾರೆಡ್ಡಿ ಇನ್ನೊಂದು ಹಾಳೆ ಮುಂದಿಟ್ಟ. ಅದೇ ಕಾನೂನಿನ 2012ರ ತಿದ್ದುಪಡಿ ನಿಯಮಗಳ ಜೆರಾಕ್ಸು. ಸ್ವಂತ ಸಾಗುವಳಿಯ ನೆಲ ಎಂದರೆ ಸರದಿಯ ಬೀಡೂ ಸೇರುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಭೀಮಾಶಂಕರ ಅದನ್ನು ಎರಡು ಸಲ ಓದಿದ. ಕೈಪಿಡಿ ಬರೆಯುವಾಗ ಅವನು ದಿನಾಂಕದ ಕಲಮು ಓದಿದ್ದ, ಇದನ್ನು ಓದಿರಲಿಲ್ಲ.

"ನಿಯಮ ಸಮಿತಿ ನೋಡ್ತದೆ. ನನಗೆ ಚಿತ್ರ ಬೇಕು" ಅಂದ. "ಹಿಪ್ಪೆ ತುಂಡು ಸುಟ್ಟಿದ್ದು ಯಾವ ವರ್ಷ? ಅದಕ್ಕಿಂತ ಮುಂಚೆ ಯಾವುದರಲ್ಲಿ ಬೆಳೆ ತೆಗೆದಿರಿ, ಅದಕ್ಕಿಂತ ಮುಂಚೆ ಯಾವುದು? ಹಿಂದಕ್ಕೆ ಹೇಳ್ತಾ ಹೋಗಿ."

"ಇಸವಿ ಗೊತ್ತಿಲ್ಲ. ಇವನು ಹತ್ತನೇ ಕ್ಲಾಸು ಪಾಸಾದ ವರ್ಷ ಹಿಪ್ಪೆ ಸುಟ್ಟೆವು. ಹೊಗೆ ಕುಡಿದು ಓದಿದ, ಅದಕ್ಕೇ ಲೆಕ್ಕದಲ್ಲಿ ಮೂವತ್ತೆಂಟು."

"ದೊಡ್ಡಮ್ಮಾ!" ಅಂದ ಮೇಷ್ಟ್ರು. ಆದರೆ ಅಂಕಪಟ್ಟಿ ಫೈಲಿನಲ್ಲೇ ಇತ್ತು. ಮಾರ್ಚ್ 2004, ಲೆಕ್ಕ ಮೂವತ್ತೆಂಟು.

"ಅಮ್ಮನ ವಯಸ್ಸು?" ಎಂದು ಕೇಳಿದಳು ರೇಣುಕಾ.

"ಆಧಾರ್ ಪ್ರಕಾರ ಜನವರಿ ಒಂದಕ್ಕೆ ಹುಟ್ಟಿದ್ದು. ನಮ್ಮೂರಿನ ಅರ್ಧ ಜನ ಅವತ್ತೇ ಹುಟ್ಟಿದ್ದಾರೆ ಮೇಡಂ."

ಬುಚ್ಚಮ್ಮ ಹೇಳುತ್ತ ಹೋದರು, ರೇಣುಕಾ ಬರೆದುಕೊಂಡಳು. ಹಿಪ್ಪೆಗಿಂತ ಮುಂಚೆ ದೋಣಿ ತುಂಡು. ಅದಕ್ಕೆ ಮುಂಚೆ ಕರಡಿಬಂಡೆ. ಅದಕ್ಕೆ ಮುಂಚೆ ಬೈನೆ, ಬಿದಿರು, ನೆಲ್ಲಿ. ನೆಲ್ಲಿ ತುಂಡು ಸುಟ್ಟ ವರ್ಷವೇ ಅವರು ಮದುವೆಯಾಗಿ ಆ ಮನೆಗೆ ಬಂದದ್ದು. ಒಂದೊಂದರಲ್ಲೂ ಎರಡೆರಡು ವರ್ಷ ಬೆಳೆ.

"ನೀವು ಹೇಳಿದ್ದಷ್ಟೇ ಸಾಕ್ಷಿಯಾಗೋದಿಲ್ಲ" ಎಂದ ಭೀಮಾಶಂಕರ. "ಆದರೆ ಹೇಳಿದ್ದು ಚಿತ್ರಕ್ಕೆ ಕೂಡಿದರೆ ಅದು ಸಾಕ್ಷಿ. ನಾಳೆ ಸಂಜೆಯೊಳಗೆ ತಿಳಿಸ್ತೀನಿ."

ಅವರು ಜೀಡಿಮೆಟ್ಲಾದಲ್ಲಿ ಕಾರ್ಖಾನೆ ಕೆಲಸಕ್ಕಿರುವ ನೆಂಟರ ಕೋಣೆಗೆ ಹೋದರು.

ಬುಧವಾರ ಬೆಳಿಗ್ಗೆ ಭೀಮಾಶಂಕರ ಬೇರೆಲ್ಲ ಕೆಲಸ ಬದಿಗಿಟ್ಟ.

"ಎರಡು ವರ್ಷ ನಾವು ಡಿಸೆಂಬರ್‌ದಾಗ ಹುಡಿಕೀವಿ. ಅದ ತಪ್ಪು" ಎಂದು ರೇಣುಕಾಗೆ ಹೇಳಿದ. "ಇವ್ರು ನೆಲ ಸುಡೂದು ಏಪ್ರಿಲ್‌ದಾಗ. ಸುಟ್ಟ ನೆಲ ಕರ್ರಗ ಕಾಣಸ್ತೈತಿ, ಸುತ್ತಲಿನ ಕಾಡಿನಾಗ ಎದ್ದು ಕಾಣಸ್ತೈತಿ. ಏಪ್ರಿಲ್ ಚಿತ್ರ ಅಷ್ಟೂ ಇಳಿಸು. ತೊಂಬತ್ಮೂರರಿಂದ ಎರಡು ಸಾವಿರದ ನಾಕರ ತನಕ."

"ಹನ್ನೆರಡು ಏಪ್ರಿಲ್."

"ಹನ್ನೆರಡು."

ಹಳೆಯ ಅಮೆರಿಕನ್ ಉಪಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಎಲ್ಲ ವರ್ಷದ್ದೂ ಸಿಗುವುದಿಲ್ಲ. ಹನ್ನೆರಡರಲ್ಲಿ ಹನ್ನೊಂದು ಸಿಕ್ಕವು, 1997ರದ್ದು ಇರಲಿಲ್ಲ. ಆ ಚಿತ್ರದಲ್ಲಿ ಒಂದೊಂದು ಚೌಕ ಮೂವತ್ತು ಮೀಟರ್. ಒಂದೂವರೆ ಎಕರೆ ಎಂದರೆ ಏಳು ಚೌಕಕ್ಕೂ ತುಸು ಕಡಿಮೆ. ಆರೂ ತುಂಡುಗಳ ಗಡಿ ಅರ್ಜಿಯ ಸರ್ವೆಯಲ್ಲೇ ಇತ್ತು. ರೇಣುಕಾ ಆ ಗೆರೆಗಳನ್ನು ಚಿತ್ರಗಳ ಮೇಲೆ ಕೂರಿಸಿದಳು.

2004, ಹಿಪ್ಪೆ ತುಂಡು: ಕಪ್ಪು. 2002, ದೋಣಿ ತುಂಡು: ಕಪ್ಪು. ರೇಣುಕಾ ಮೇಜು ತಟ್ಟಿದಳು.

2000, ಕರಡಿಬಂಡೆ: ಕಪ್ಪಿಲ್ಲ. ಮಾಸಲು ಬಣ್ಣ, ಏನೆಂದು ಹೇಳಲಾಗದು. 1998, ಬೈನೆ ತುಂಡು: ಅಲ್ಲೂ ಕಪ್ಪಿಲ್ಲ.

ಭೀಮಾಶಂಕರ ಕನ್ನಡಕ ತೆಗೆದಿಟ್ಟ. ಸಂಜೆ ಐದಾಗಿತ್ತು.

"ಬಿತ್ತು" ಎಂದ. "ಎರಡು ಕೂಡಿದ್ವು, ಎರಡು ಕೂಡಲಿಲ್ಲ. ಇದನ್ನ ಹಿಡಕೊಂಡು ಹೋದ್ರ ಸಮಿತಿ ಮುಂದ ಆಕಿ ಸುಳ್ಳು ಹೇಳ್ಯಾಳ ಅಂತ ನಾವ ಬರಕೊಟ್ಟಂಗಾಗ್ತೈತಿ."

"ಸುಳ್ಳು ಹೇಳಾಕ ಅಷ್ಟು ದೂರ ಯಾರ ಬರ್ತಾರ್ರಿ? ಉಳಿದ ಏಪ್ರಿಲ್ ತಗೀತೀನಿ, ಎಲ್ಲೆರ ಕಪ್ಪು ಸಿಗತೈತೇನ ನೋಡೂಣು."

"ಬ್ಯಾಡ. ಎಲ್ಲೆಲ್ಲಿ ಕಪ್ಪು ಐತೋ ನೋಡಿ ಆಮ್ಯಾಲ ಕಥಿ ಹೊಲದ್ರ ಅದು ಪರೀಕ್ಷಾ ಅಲ್ಲ. ಮೊದಲ ಆಕೀನ್ನ ಕೇಳಬೇಕು. ನಾವು ಏನು ನೋಡೀವಿ ಅಂತ ಹೇಳದನ ಕೇಳಬೇಕು."

ರಾಮಕೃಷ್ಣಾರೆಡ್ಡಿಯ ಫೋನು ಸ್ವಿಚ್ ಆಫ್ ಆಗಿತ್ತು. ಊರಿಗೆ ಹೋಗುವ ಬಸ್ಸು ಮಿಯಾಪುರದಿಂದ ಏಳು ಗಂಟೆಗೆ ಎಂದು ಅವನು ಹಿಂದಿನ ದಿನ ಹೇಳಿದ್ದು ನೆನಪಿತ್ತು. ಭೀಮಾಶಂಕರನ ಮನೆಯೂ ಮಿಯಾಪುರದಲ್ಲೇ.

"ನೀ ಇಲ್ಲೇ ಇರು. ನಾ ಫೋನ್ ಮಾಡ್ತೀನಿ" ಎಂದು ಹೇಳಿ ಬೈಕ್ ಹತ್ತಿದ. ಕೊಂಡಾಪುರದಿಂದ ಮಿಯಾಪುರಕ್ಕೆ ಏಳೆಂಟು ಕಿಲೋಮೀಟರು, ಸಂಜೆಯ ಟ್ರಾಫಿಕ್ಕಿನಲ್ಲಿ ಐವತ್ತು ನಿಮಿಷ ಹಿಡಿಯಿತು.

ಮೆಟ್ರೋ ಕಂಬಗಳ ಕೆಳಗೆ, ಬಸ್ಸಿಗೆ ಕಾಯುವವರ ಮಧ್ಯೆ, ಬುಚ್ಚಮ್ಮ ಚೀಲದ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಆರೂಮುಕ್ಕಾಲು.

"ಬಂದೆಯಾ ಬಾಬು? ಇವನ ಫೋನಿಗೆ ಜೀವ ಇಲ್ಲ. ಆ ಕೋಣೆಯಲ್ಲಿ ಆರು ಜನಕ್ಕೆ ಒಂದೇ ಪ್ಲಗ್ಗು."

ಅವನು ಅವರ ಎದುರು ಕುಕ್ಕರಗಾಲಲ್ಲಿ ಕೂತ. "ಅಮ್ಮಾ, ಒಂದೇ ಪ್ರಶ್ನೆ. ಒಂದೊಂದು ತುಂಡಲ್ಲೂ ಎರಡೆರಡು ವರ್ಷ ಬೆಳೆ ಅಂದಿರಿ. ಯಾವುದರಲ್ಲಾದರೂ ಮೂರು ವರ್ಷ ಬೆಳೆದದ್ದುಂಟಾ?"

"ಇಲ್ಲ. ಆಗೆಲ್ಲ ಹಾಗೆ ಮಾಡ್ತಿರಲಿಲ್ಲ. ಮೂರನೇ ಬೆಳೆ ಹಾಕಿದ್ದು ಈ ವರ್ಷವೇ ಮೊದಲು."

"ಒಂದೇ ವರ್ಷಕ್ಕೆ ಬಿಟ್ಟದ್ದು?"

"ಅದೂ ಇಲ್ಲ."

ಭೀಮಾಶಂಕರನಿಗೆ ಮುಂದೇನು ಕೇಳಬೇಕೆಂದು ತಿಳಿಯಲಿಲ್ಲ. ಖಮ್ಮಂ ಕಡೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ರಾಮಕೃಷ್ಣಾರೆಡ್ಡಿ ಚೀಲ ಎತ್ತಿಕೊಂಡ.

"ಸುಮ್ಮನೆ ಇದ್ದ ವರ್ಷ?" ಎಂದು ಅವನು ಕೊನೆಗೆ ಕೇಳಿದ. "ಯಾವುದನ್ನೂ ಸುಡದ, ಏನೂ ಬೆಳೆಯದ ವರ್ಷ ಇತ್ತಾ?"

ಬುಚ್ಚಮ್ಮ ಟೀ ಲೋಟ ಕೆಳಗಿಟ್ಟರು.

"ಇತ್ತು. ಜ್ವರದ ವರ್ಷ. ಇವನ ದೊಡ್ಡಪ್ಪ ಹೋದದ್ದು ಆ ಬೇಸಿಗೆಯಲ್ಲಿ. ಕಡಿಯೋರು ಯಾರೂ ಇರಲಿಲ್ಲ. ನಾನು ಮಕ್ಕಳನ್ನ ಕರಕೊಂಡು ತವರಿಗೆ ಹೋಗಿದ್ದೆ. ಗೆಡ್ಡೆ ತಿಂದೆವು."

"ನಿನ್ನೆ ಹೇಳಲಿಲ್ಲವಲ್ಲಮ್ಮ."

"ನೀನು ಬೆಳೆ ತೆಗೆದ ವರ್ಷ ಕೇಳಿದೆ. ಬೆಳೆ ತೆಗೆಯದ ವರ್ಷ ಕೇಳಲಿಲ್ಲ."

"ಅದು ಯಾವ ತುಂಡು ಆದ ಮೇಲೆ?"

"ಕರಡಿಬಂಡೆ ಮುಗಿದಿತ್ತು. ದೋಣಿ ಇನ್ನೂ ಶುರುವಾಗಿರಲಿಲ್ಲ. ಒಂದು ವರ್ಷ ಮಧ್ಯೆ ಹಾಗೇ ಹೋಯಿತು. ಆಮೇಲೆ ಇವನಪ್ಪ ಬಂದು ದೋಣಿ ಕಡಿದುಕೊಟ್ಟ."

ಹಾಗಿದ್ದರೆ 2001ರಲ್ಲಿ ಯಾವ ತುಂಡೂ ಸುಟ್ಟಿರಬಾರದು. ಅದಕ್ಕೆ ಹಿಂದಿನದೆಲ್ಲ ಒಂದೊಂದು ವರ್ಷ ಹಿಂದೆ ಸರಿಯಬೇಕು. ಕರಡಿಬಂಡೆ 2000 ಅಲ್ಲ, 1999. ಅವನು ಬಸ್ಸಿನ ಪಕ್ಕದಲ್ಲೇ ನಿಂತು ಫೋನ್ ಮಾಡಿದ.

"ರೇಣುಕಾ, ಎರಡು ಸಾವಿರದ ಒಂದು ತಗಿ. ಆರೂ ತುಂಡು ನೋಡು."

ಡ್ರೈವರು ಹಾರ್ನ್ ಹೊಡೆದ. ರಾಮಕೃಷ್ಣಾರೆಡ್ಡಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು "ಒಂದು ನಿಮಿಷ ಅಣ್ಣಾ" ಎಂದು ಕೈ ಮುಗಿದ.

"ಯಾವುದೂ ಸುಟ್ಟಿಲ್ರಿ."

"ತೊಂಬತ್ತೊಂಬತ್ತು ತಗಿ. ಕರಡಿಬಂಡೆ."

ಕ್ಲಿಕ್ಕಿನ ಸದ್ದು ಫೋನಿನಲ್ಲೇ ಕೇಳಿಸಿತು.

"ಕರ್ರಗ ಐತ್ರಿ ಸರ್. ಏಳಕ್ಕ ಆರು ಚೌಕ. ಇದ್ದಿಲು ಇಟ್ಟಂಗ ಐತಿ."

"ತೊಂಬತ್ತೇಳು, ಬೈನೆ, ಅದು ನಮ್ಮ ಹತ್ರ ಇಲ್ಲ. ತೊಂಬತ್ತೈದು, ಬಿದಿರು. ತೊಂಬತ್ಮೂರು, ನೆಲ್ಲಿ."

"ತಡೀರಿ… ತೊಂಬತ್ತೈದು ಐತಿ. ತೊಂಬತ್ಮೂರು… ಅದೂ ಐತ್ರಿ! ಸರ್, ಅಮ್ಮಗ ಫೋನ್ ಕೊಡ್ರಿ."

ಅವನು ಫೋನನ್ನು ಕಿಟಕಿಯೊಳಗೆ ಚಾಚಿದ. ಅಷ್ಟರಲ್ಲಿ ಬುಚ್ಚಮ್ಮ ಸೀಟಿನಲ್ಲಿ ಕೂತಾಗಿತ್ತು. ರೇಣುಕಾ ತನ್ನ ಹರಕುಮುರುಕು ತೆಲುಗಿನಲ್ಲಿ ಏನು ಹೇಳಿದಳೋ, ಅವರು ನಕ್ಕರು. "ನಾನು ಹೇಳಿದ್ದೆನಲ್ಲ ಅಮ್ಮಾಯಿ" ಅಂದರು. ಫೋನ್ ವಾಪಸು ಕೊಡುತ್ತ ಭೀಮಾಶಂಕರನನ್ನು ಕೇಳಿದರು. "ಶುಕ್ರವಾರಕ್ಕೆ ಕಾಗದ ಬರುತ್ತಾ?"

"ಬರುತ್ತೆ" ಎಂದ. ಹೇಳಿಬಿಟ್ಟ ಮೇಲೆ ಅದು ತನ್ನೊಬ್ಬನ ಕೈಯಲ್ಲಿಲ್ಲ ಎಂಬುದು ನೆನಪಾಯಿತು.

ಗುರುವಾರ ಬೆಳಿಗ್ಗೆ ಅವನು ಕಂಪನಿಯ ಮುಖ್ಯಸ್ಥ ಮೋಹನನ ಮುಂದೆ ಕೂತಿದ್ದ. ಮೋಹನ ಮೈಸೂರಿನವನು, ವಯಸ್ಸಿನಲ್ಲಿ ಭೀಮಾಶಂಕರನಿಗಿಂತ ಆರು ವರ್ಷ ಚಿಕ್ಕವನು. ಹನ್ನೊಂದು ಚಿತ್ರಗಳನ್ನೂ ನಿಧಾನವಾಗಿ ನೋಡಿದ.

"ಕಾಡ್ಗಿಚ್ಚು ಇರಬಹುದಲ್ಲ?"

"ಕಾಡ್ಗಿಚ್ಚು ಗಡಿ ನೋಡಿ ಸುಡೋದಿಲ್ಲ ಸರ್. ಇಲ್ಲಿ ಒಂದು ಸಲಕ್ಕೆ ಒಂದೇ ತುಂಡು, ಎರಡು ವರ್ಷಕ್ಕೊಮ್ಮೆ. ಆಕೆ ಮೊದಲೇ ಹೇಳಿದ ಸರದೀಲೇ ಸುಟ್ಟಿದೆ. ಗಂಡ ಸತ್ತ ವರ್ಷ ಬಿಟ್ಟುಹೋಗಿದೆ."

"ಒಪ್ಪಿದೆ. ನಂಗೂ ಕಾಣ್ತಿದೆ. ಆದ್ರೆ ಇವರ ಒಂದು ಅರ್ಜಿಗೆ ತಿದ್ದುಪಡಿ ಕೊಟ್ರೆ ಏನಾಗತ್ತೆ ಗೊತ್ತಲ್ವಾ? 1,140 ಅರ್ಜಿಗೂ ಇದೇ ಕೈಪಿಡಿ. ಇದೇ ಏಳನೇ ಕಲಮು. ಎಲ್ಲಾ ಮತ್ತೆ ತೆಗೀಬೇಕಾಗತ್ತೆ."

"ಎಲ್ಲಾ ಅಲ್ಲ. ಡಿಸೆಂಬರ್ ಹಸಿರು ಅಂತ ತಿರಸ್ಕಾರ ಆಗಿರೋದು 312. ರೇಣುಕಾ ಬೆಳಿಗ್ಗೆ ಪಟ್ಟಿ ಮಾಡಿದ್ದಾಳೆ."

"ಕೈಪಿಡಿ ಬರೆದೋರು ನೀವು, ಭೀಮಾಶಂಕರ್. ಕಾಗದದ ಮೇಲೆ ನಿಮ್ಮ ಹೆಸರೇ ಬರೋದು."

"ಬರಲಿ ಸರ್. ಏಳನೇ ಕಲಮು ತಪ್ಪು. ಮಲಗಿಸಿದ ನೆಲವನ್ನು ಬಿಟ್ಟುಹೋದ ನೆಲ ಅಂತ ಓದಿದ್ದೀನಿ. ನಾನು ತೊಗರಿ ಹೊಲದಲ್ಲಿ ಬೆಳೆದವನು, ಅದನ್ನೂ ಕಾಡು ಅಂತ ಬರೆದಿದ್ದೀನಿ. ಬರೆದವನೇ ತಿದ್ದಿದರೆ ಸಮಿತಿ ನಂಬುತ್ತೆ. ಬೇರೆಯವರು ಕಂಡುಹಿಡಿದರೆ ಆಮೇಲೆ ನಮ್ಮ ಯಾವ ನಕ್ಷೆಯನ್ನೂ ಯಾರೂ ನಂಬೋದಿಲ್ಲ."

ಮೋಹನ ಪಟ್ಟಿಯನ್ನು ಕೊನೆಯ ಪುಟದವರೆಗೆ ತಿರುವಿ ನೋಡಿದ.

"ಇವರದ್ದು ಇವತ್ತೇ ಕಳಿಸಿ. 312ರ ಪಟ್ಟಿನೂ ಜೊತೇಲಿರಲಿ, ಮರುಪರಿಶೀಲನೆ ಮಾಡ್ತೀವಿ ಅಂತ ನಾನೇ ಬರೀತೀನಿ. ಆದ್ರೆ ಒಂದು ಮಾತು. 1997ರ ಚಿತ್ರ ಇಲ್ಲ ಅನ್ನೋದನ್ನ ಮುಚ್ಚಬೇಡಿ."

"ಅದನ್ನ ಮೊದಲನೇ ಪುಟದಲ್ಲೇ ಹಾಕಿದ್ದೀನಿ."

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಭೀಮಾಶಂಕರ ಹೋಗಲಿಲ್ಲ, ಅವನನ್ನು ಕರೆದಿರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ರೇಣುಕಾ ಡಬ್ಬಿ ತೆರೆದು ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. "ಉಣ್ರಿ. ನೀವು ಉಪಾಸ ಇದ್ರ ಅಲ್ಲೇನು ಲಗೂ ತೀರ್ಪು ಕೊಡೂದಿಲ್ಲ."

ಎರಡೂಕಾಲಿಗೆ ಫೋನು ಬಂತು. ಹಿಂದೆ ಜನರ ಗಲಾಟೆ ಕೇಳುತ್ತಿತ್ತು.

"ಐದು ತುಂಡಿಗೆ ಒಪ್ಪಿದರು ಸಾರ್" ಅಂದ ರಾಮಕೃಷ್ಣಾರೆಡ್ಡಿ. "ಬೈನೆ ಒಂದನ್ನ ಸ್ಥಳ ಪರಿಶೀಲನೆಗೆ ಹಾಕಿದರು. ಚಿತ್ರ ಇಲ್ಲವಲ್ಲ."

"ಅಮ್ಮ ಏನಂದರು?"

"ಬನ್ನಿ, ಮೋಟು ತೋರಿಸ್ತೀನಿ ಅಂದರು. ಎಲ್ಲರಿಗೂ ಅದನ್ನೇ ಹೇಳ್ತಿದ್ದಾರೆ."

ನವೆಂಬರ್‌ನಲ್ಲಿ ಸಮಿತಿಯವರು ಗುಡ್ಡ ಹತ್ತಿದರು. ಬೈನೆ ತುಂಡಿನ ಅಂಚಿನ ಮೋಟುಗಳಲ್ಲಿ ಒಂದರ ಮೇಲೊಂದು ಹಳೆಯ ಕಡಿತದ ಗಂಟುಗಳು ಇದ್ದವು, ಅದನ್ನು ಪಂಚನಾಮೆಯಲ್ಲಿ ಬರೆದುಕೊಂಡರು. ಆ ವರ್ಷ ಆ ತುಂಡಿನಲ್ಲಿ ಸಾಮೆ ಆದದ್ದು ಮೂರೂವರೆ ಬುಟ್ಟಿ. ಫೆಬ್ರುವರಿಯಲ್ಲಿ ಆರೂ ತುಂಡಿನ ಪಟ್ಟಾ ಬಂತು.

ಅಷ್ಟರಲ್ಲಿ ಕೊಂಡಾಪುರದ ಕಚೇರಿಯಲ್ಲಿ 312 ಅರ್ಜಿಗಳಲ್ಲಿ ಎಂಬತ್ತೊಂದು ಮುಗಿದಿದ್ದವು. ಅವುಗಳಲ್ಲಿ ನಲವತ್ತನಾಲ್ಕರಲ್ಲಿ ಏಪ್ರಿಲ್‌ನ ಕಪ್ಪು ಸರದಿಯಂತೆ ಸಿಕ್ಕಿತು, ಮೂವತ್ತೇಳರಲ್ಲಿ ಸಿಗಲಿಲ್ಲ. ಸಿಗದವರ ಊರುಗಳಿಗೆ ಫೋನ್ ಮಾಡಿ, ಬೆಳೆ ತೆಗೆದ ವರ್ಷದ ಜೊತೆಗೆ ಬೆಳೆ ತೆಗೆಯದ ವರ್ಷವನ್ನೂ ಕೇಳುವುದು ಈಗ ರೇಣುಕಾಳ ಕೆಲಸ.

2025ರ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಭೀಮಾಶಂಕರ ಹೊಸ ಚಿತ್ರ ತೆರೆದ. ಈಗಿನ ಉಪಗ್ರಹಗಳ ಚೌಕ ಹತ್ತೇ ಮೀಟರ್. ಗುಡ್ಡದ ಪಶ್ಚಿಮ ಇಳಿಜಾರಿನಲ್ಲಿ, ಕರಡಿಬಂಡೆಯ ಗೆರೆಯೊಳಗೆ, ಅಚ್ಚ ಕಪ್ಪು. ಅವನು ಹತ್ತಿರ ಬಾಗಿದ.

"ಎಣಿಸಾಕತ್ತೀರೇನ್ರಿ?" ಎಂದಳು ರೇಣುಕಾ ಹಿಂದಿನಿಂದ.

"ಐವತ್ತೆಂಟು. ಅರವತ್ತು ಇರಬೇಕಿತ್ತು."

"ಎರಡು ಚೌಕ ಕರಡಿಗೆ ಬಿಟ್ಟಿರಬೇಕ್ರಿ."

ಅವನು ಚಿತ್ರವನ್ನು ಪಕ್ಕಕ್ಕೆ ಸರಿಸಿದ. ಬೈನೆ ತುಂಡು ಕಂದು ಬಣ್ಣದಲ್ಲಿತ್ತು, ಅಂಚಿನಲ್ಲಿ ಮಾತ್ರ ತೆಳು ಕೆಂಪು. ಮೋಟುಗಳು ಚಿಗುರುತ್ತಿದ್ದವು. ಹಳೆಯ ಕೈಪಿಡಿಯಲ್ಲಿ ಮೂರೇ ಹೆಸರಿದ್ದವು: ಬೆಳೆ, ಕಾಡು, ಬರಡು. ಹೊಸದರಲ್ಲಿ ನಾಲ್ಕನೆಯದು ಸೇರಿತ್ತು. ಅವನು ಬೈನೆ ತುಂಡಿನ ಮುಂದೆ ಅದನ್ನೇ ಟೈಪ್ ಮಾಡಿದ: ಬೀಡು, ಸರದಿಯಲ್ಲಿದೆ. ಪಕ್ಕದಲ್ಲಿ, ಮತ್ತೆ ಬೆಳೆಗೆ ಬರಬೇಕಾದ ವರ್ಷ ಎಂಬ ಖಾನೆ. ಕರಡಿಬಂಡೆ, ದೋಣಿ, ಹಿಪ್ಪೆ, ನೆಲ್ಲಿ, ಬಿದಿರು, ಎರಡೆರಡು ವರ್ಷ. ಬೆರಳು ಮಡಿಚಿ ಲೆಕ್ಕ ಹಾಕಿ 2035 ಎಂದು ತುಂಬಿದ.

"ಅಷ್ಟೊತ್ತಿಗೆ ನೀವು ರಿಟೈರ್ ಆಗಿರ್ತೀರಿ ಸರ್" ಎಂದಳು ರೇಣುಕಾ.

"ಇಲ್ಲ. ಒಂದು ವರ್ಷ ಬಾಕಿ ಇರ್ತೈತಿ" ಎಂದ ಭೀಮಾಶಂಕರ. "ಆ ಏಪ್ರಿಲ್ ನೋಡೇ ಹೋಗ್ತೀನಿ."